ಎಂಜಿನ್ ಎಷ್ಟು ಡಬ್ಬಿ ಎಳೆದೀತು?

ಆಟದ ರೈಲು ಕೈಗೆ ಬಂದ ಕೂಡಲೇ ಮಕ್ಕಳು ಕೇಳುವುದು ಒಂದೇ: ಈ ಎಂಜಿನ್ ಎಷ್ಟು ಡಬ್ಬಿ ಎಳೆಯುತ್ತದೆ? ಸಾವಿರಗಟ್ಟಲೆ ಖರ್ಚು ಮಾಡಿ ಮಾದರಿ ರೈಲು ಜೋಡಿಸುವ ದೊಡ್ಡವರಿಗೂ ಇದೇ ಕುತೂಹಲ. ಸ್ಟೇಷನ್ನಿನಲ್ಲಿ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುವವರ ಮನಸ್ಸಿನಲ್ಲೂ ಇದೇ ಲೆಕ್ಕ. ಎಲ್ಲರೂ ಉತ್ತರವನ್ನು ಎಂಜಿನ್ನಿನ ಹೊಟ್ಟೆಯೊಳಗೆ ಹುಡುಕುತ್ತಾರೆ: ಮೋಟಾರು ದೊಡ್ಡದಿದ್ದರೆ ಡಬ್ಬಿ ಜಾಸ್ತಿ, ಚಿಕ್ಕದಿದ್ದರೆ ಕಡಿಮೆ ಎಂದು. ಈ ನಂಬಿಕೆ ಅರ್ಧ ಮಾತ್ರ ಸರಿ ಎಂಬುದು ಇಂದಿನ ನನ್ನ ವಾದ. ಡಬ್ಬಿಗಳ ಸಂಖ್ಯೆ ಗಾಲಿ ಮತ್ತು ಹಳಿಯ ನಡುವೆ ತೀರ್ಮಾನವಾಗುತ್ತದೆ, ದಾರಿಯ ಏರಿನಲ್ಲಿ ತೀರ್ಮಾನವಾಗುತ್ತದೆ. ಎಂಜಿನ್ನಿನ ಶಕ್ತಿ ಆ ತೀರ್ಮಾನದಲ್ಲಿ ಒಬ್ಬ ಪಾಲುದಾರ, ಅಷ್ಟೇ. ಇದನ್ನು ಪರೀಕ್ಷಿಸಲು ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆಯ ಸೀಮೆ ಹೇಳಿ ಮಾಡಿಸಿದ ಜಾಗ. ಅಲ್ಲಿನ ದುರ್ಗಾಂಬಾ ಜಾತ್ರೆಗೆ ಸುತ್ತಲ ಊರುಗಳಿಂದ ಇಂದಿಗೂ ಎತ್ತಿನ ಗಾಡಿಗಳು ಬರುತ್ತವೆ. ಅಜ್ಜಂಪುರ, ಶಿವನಿ ಸ್ಟೇಷನ್ನುಗಳ ಮೇಲೆ ಬೆಂಗಳೂರು–ಹುಬ್ಬಳ್ಳಿ ರೈಲುಗಳು ಓಡುತ್ತವೆ. ಇತ್ತ ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ, ಹಿಂದಿನ ಮೈಸೂರು ಸಂಸ್ಥಾನದ ಕಾಲದಲ್ಲಿ, ಎರಡೇ ಅಡಿ ಅಗಲದ ಹಳಿಯ ಪುಟ್ಟ ರೈಲು ಓಡಿತ್ತು. ಎಳೆಯುವುದರ ಮೂರು ಬಗೆಯನ್ನೂ ಕಂಡ ನೆಲ ಇದು.

ಮೊದಲು ಹಿಡಿತದ ವಿಷಯ. ಎಂಜಿನ್ ಎಷ್ಟೇ ಬಲವಾಗಿ ಗಾಲಿ ತಿರುಗಿಸಿದರೂ, ಗಾಲಿ ಹಳಿಯನ್ನು ಕಚ್ಚಿದಷ್ಟು ಮಾತ್ರ ರೈಲು ಮುಂದೆ ಹೋಗುತ್ತದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ, ಒಣಗಿದ್ದಾಗ, ತನ್ನ ಮೇಲಿನ ಭಾರದ ಸುಮಾರು ಕಾಲು ಭಾಗದಷ್ಟು ಬಲವನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಒತ್ತಿದರೆ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ದೇಶದ ರೈಲುಗಳನ್ನು ದಶಕಗಳ ಕಾಲ ಎಳೆದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ತೂಕ 112.8 ಟನ್, ಶಕ್ತಿ 2600 ಅಶ್ವಶಕ್ತಿ. ಅದರ ಆರೂ ಅಚ್ಚುಗಳಿಗೆ ಮೋಟಾರು ಇರುವುದರಿಂದ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ. ಕಾಲು ಭಾಗ ಎಂದರೆ 28 ಟನ್. ಅದರೊಳಗೆ ಎರಡು ಪಟ್ಟು ಶಕ್ತಿಯ ಯಂತ್ರ ಕೂರಿಸಿದರೂ, ತೂಕ ಮತ್ತು ಗಾಲಿ ಹಾಗೇ ಇದ್ದರೆ, ನಿಂತಲ್ಲಿಂದ ಹೊರಡುವಾಗಿನ ಎಳೆತ 28 ಟನ್ನಿನ ಆಸುಪಾಸಿನಲ್ಲೇ ಉಳಿಯುತ್ತದೆ. ಉಗಿ ಎಂಜಿನ್ ಮಾಡಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬ್ರಾಡ್‌ಗೇಜಿನ ಡಬ್ಲ್ಯುಪಿ ಮತ್ತು ಡಬ್ಲ್ಯುಜಿ ಎಂಜಿನ್ನುಗಳಿಗೆ ಒಂದೇ ಮಾದರಿಯ ಬಾಯ್ಲರು. ಆದರೆ ಪ್ಯಾಸೆಂಜರ್ ಗಾಡಿಗೆಂದು ಮಾಡಿದ ಡಬ್ಲ್ಯುಪಿಗೆ ಆರು ದೊಡ್ಡ ಚಾಲಕ ಗಾಲಿಗಳು. ಗೂಡ್ಸ್ ಗಾಡಿಗೆಂದು ಮಾಡಿದ ಡಬ್ಲ್ಯುಜಿಗೆ ಎಂಟು, ಸ್ವಲ್ಪ ಚಿಕ್ಕ ಗಾಲಿಗಳು. ನಮ್ಮ ಭಾಗದ ಜನ ಕಂಡ ಮೀಟರ್‌ಗೇಜಿನ ವೈಪಿ, ವೈಜಿಗಳಲ್ಲೂ ಗಾಲಿಗಳ ಲೆಕ್ಕ ಹೀಗೆಯೇ ಇತ್ತು. ಅದೇ ಬಾಯ್ಲರಿನ ಉಗಿ ಒಂದರಲ್ಲಿ ಓಟಕ್ಕೆ ಖರ್ಚಾಯಿತು, ಇನ್ನೊಂದರಲ್ಲಿ ಭಾರಕ್ಕೆ. ಹೆಚ್ಚು ಡಬ್ಬಿ ಎಳೆಸಬೇಕೆಂದಾಗ ಎಂಜಿನಿಯರರು ಕೈ ಹಾಕಿದ್ದು ಗಾಲಿಗೆ.

ಈ ನಿಯಮ ಮೇಜಿನ ಮೇಲಿನ ಮಾದರಿ ರೈಲಿಗೂ ಅನ್ವಯಿಸುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಈ ಅಳತೆಯ ಒಂದು ಒಳ್ಳೆಯ ಎಂಜಿನ್ 400 ಗ್ರಾಂ ತೂಗುತ್ತದೆ ಎಂದುಕೊಳ್ಳೋಣ. ಅದರ ಹಿಡಿತ ತೂಕದ ಕಾಲು ಭಾಗಕ್ಕಿಂತ ತುಸು ಕಡಿಮೆ, ಸುಮಾರು 90 ಗ್ರಾಂ. ಇನ್ನು ಮೋಟಾರು. ಗಂಟೆಗೆ 100 ಕಿಲೋಮೀಟರ್ ವೇಗವನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 32 ಸೆಂಟಿಮೀಟರ್ ಆಗುತ್ತದೆ. 90 ಗ್ರಾಂ ಎಳೆತವನ್ನು ಆ ವೇಗದಲ್ಲಿ ನಡೆಸಲು ಬೇಕಾದ ಶಕ್ತಿ ಒಂದು ವ್ಯಾಟಿನ ಮೂರನೇ ಒಂದು ಭಾಗವೂ ಇಲ್ಲ. 12 ವೋಲ್ಟಿನ ಮೋಟಾರು ಕಾಲು ಆಂಪಿಯರ್ ಎಳೆದುಕೊಂಡರೆ ಮೂರು ವ್ಯಾಟ್ ಆಯಿತು. ಹಲ್ಲುಗಾಲಿಗಳಲ್ಲಿ ಬಹುಪಾಲು ಸೋರಿಹೋದರೂ ಉಳಿದದ್ದು ಬೇಕಾದಷ್ಟು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಹಳಿಯ ಮೇಲಿರುವ ಎಂಜಿನ್ನಿನ ಮುಂದೆ ಬೆರಳು ಅಡ್ಡ ಇಟ್ಟು ನಿಧಾನವಾಗಿ ಕರೆಂಟು ಹೆಚ್ಚಿಸಿ. ಗಾಲಿಗಳು ನಿಂತಲ್ಲೇ ಸುತ್ತತೊಡಗಿದರೆ ಮೋಟಾರಿನಲ್ಲಿ ಇನ್ನೂ ಶಕ್ತಿ ಇದೆ, ಸೋತದ್ದು ಹಿಡಿತ ಎಂದರ್ಥ. ಗಾಲಿ ಸುತ್ತದೆ ಮೋಟಾರು ಗುಂಯ್‌ಗುಟ್ಟುತ್ತ ನಿಂತರೆ ಸೋತದ್ದು ಮೋಟಾರು. ಆಗ ಥಟ್ಟನೆ ಕರೆಂಟು ತೆಗೆಯಬೇಕು, ಇಲ್ಲದಿದ್ದರೆ ಸುರುಳಿ ಸುಟ್ಟೀತು. ಒಳ್ಳೆಯ ಎಂಜಿನ್ನುಗಳಲ್ಲಿ ಗಾಲಿಯೇ ಮೊದಲು ಜಾರುವ ಹಾಗೆ ತೂಕ ಹೊಂದಿಸಿರುತ್ತಾರೆ. ಆ ಜಾರಾಟ ಮೋಟಾರಿಗೆ ಕಾವಲು.

ಎಳೆಯುವವನ ಬಲ ಗೊತ್ತಾಯಿತು. ಇನ್ನು ಎಳೆಸಿಕೊಳ್ಳುವ ಡಬ್ಬಿಯ ಕಡೆ ಬರೋಣ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಡಬ್ಬಿಗಳ ತೂಕಕ್ಕೆ ಒಂದು ಶಿಫಾರಸು ಮಾಡಿದೆ: ಎಚ್‌ಒ ಅಳತೆಯಲ್ಲಿ ಡಬ್ಬಿಗೆ ಮೂಲವಾಗಿ ಒಂದು ಔನ್ಸ್, ಉದ್ದದ ಪ್ರತಿ ಇಂಚಿಗೆ ಮತ್ತೆ ಅರ್ಧ ಔನ್ಸ್. ಪೆರಂಬೂರಿನ ಕಾರ್ಖಾನೆಯ ನೀಲಿ ಬೋಗಿಯ ಉದ್ದ ಹೆಚ್ಚುಕಡಿಮೆ 21 ಮೀಟರ್. 87ರಲ್ಲಿ ಒಂದಕ್ಕೆ ಇಳಿಸಿದರೆ ಒಂಬತ್ತೂವರೆ ಇಂಚು, ತೂಕ ಸುಮಾರು 165 ಗ್ರಾಂ. ನಿಜದ ಬೋಗಿ ಜನ, ಸಾಮಾನು ಸಮೇತ 50 ಟನ್ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ, ಎಂಜಿನ್ನಿಗೂ ಬೋಗಿಗೂ ಇರುವ ತೂಕದ ಅನುಪಾತ ದೊಡ್ಡದರಲ್ಲೂ ಚಿಕ್ಕದರಲ್ಲೂ ಒಂದೇ ಬಗೆ, ಎರಡೂಕಾಲು ಪಟ್ಟಿನ ಸುತ್ತಮುತ್ತ. ಹಿಡಿತದ ಪ್ರಮಾಣವೂ ಹತ್ತಿರ ಹತ್ತಿರ. ಹಾಗಾದರೆ ಎರಡೂ ಒಂದೇ ಸಂಖ್ಯೆಯ ಬೋಗಿ ಎಳೆಯಬೇಕಲ್ಲ? ಎಳೆಯುವುದಿಲ್ಲ. ಯಾಕೆಂದರೆ ಉರುಳುವ ಸಲೀಸಿನಲ್ಲಿ ಇವೆರಡಕ್ಕೂ ಅಜಗಜಾಂತರ. ನಿಜದ ಬೋಗಿ ನಿಧಾನ ವೇಗದಲ್ಲಿ ಟನ್ನಿಗೆ ಸುಮಾರು ಮೂರು ಕಿಲೋ ಬಲ ಕೊಟ್ಟರೆ ಉರುಳುತ್ತದೆ. ಮಾದರಿ ಬೋಗಿಯ ಅಚ್ಚು ಪ್ಲಾಸ್ಟಿಕ್ಕಿನ ಗುಣಿಯಲ್ಲಿ ಉಜ್ಜುತ್ತ ತಿರುಗುವುದರಿಂದ ಅದಕ್ಕೆ ತೂಕದ ನೂರಕ್ಕೆ ಎರಡೂವರೆ ಭಾಗ, ಟನ್ನಿನ ಲೆಕ್ಕದಲ್ಲಿ 25 ಕಿಲೋ, ಬೇಕಾಗುತ್ತದೆ. ಮಣ್ಣುದಾರಿಯಲ್ಲಿ ಹೋಗುವ ಎತ್ತಿನ ಗಾಡಿಗೆ, ಕೀಲೆಣ್ಣೆ ಹಾಕಿದ್ದರೂ, ಟನ್ನಿಗೆ 50 ಕಿಲೋ ಅಥವಾ ಇನ್ನೂ ಹೆಚ್ಚು. ಅಂದರೆ ನೋಡಲು ಬೀರೂರು ಜಂಕ್ಷನ್ನಿನ ರೈಲಿನಂತಿರುವ ಆಟದ ರೈಲು, ಉರುಳುವ ಲೆಕ್ಕದಲ್ಲಿ ಅಂತರಘಟ್ಟೆಯ ಜಾತ್ರೆಗೆ ಹೊರಟ ಗಾಡಿಗೆ ಹೆಚ್ಚು ಹತ್ತಿರದ ನೆಂಟ.

ಈ ನೆಂಟಸ್ತಿಕೆ ಬಯಲಾಗುವುದು ಏರಿನಲ್ಲಿ. ನೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಾರಿ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಆ ಏರು ಪ್ರತಿ ಟನ್ನಿಗೆ 10 ಕಿಲೋ ಹೆಚ್ಚುವರಿ ಬಲ ಕೇಳುತ್ತದೆ. ಗಾಡಿ ಯಾವುದಾದರೂ ಈ 10 ಕಿಲೋದಲ್ಲಿ ರಿಯಾಯಿತಿ ಇಲ್ಲ. ಎತ್ತಿನ ಗಾಡಿಗೆ 50 ಇದ್ದದ್ದು 60 ಆಯಿತು, ಐದರಲ್ಲೊಂದು ಭಾಗ ಹೆಚ್ಚು. ಎತ್ತುಗಳಿಗೆ ಅದು ಗೊತ್ತಾದರೂ ಗಾಡಿ ಹೊಡೆಯುವವನಿಗೆ ಗೊತ್ತಾಗಲಿಕ್ಕಿಲ್ಲ. ಆಟದ ರೈಲಿಗೆ 25 ಇದ್ದದ್ದು 35 ಆಯಿತು. ನಿಜದ ರೈಲಿಗೆ 3 ಇದ್ದದ್ದು 13, ನಾಲ್ಕು ಪಟ್ಟಿಗೂ ಮೀರಿತು. ಉಕ್ಕಿನ ಹಳಿ ಸಮತಟ್ಟಿನಲ್ಲಿ ಎಷ್ಟು ಉದಾರಿಯೋ ಏರಿನಲ್ಲಿ ಅಷ್ಟೇ ಜಿಪುಣ. ಈಗ ಐವತ್ತರಲ್ಲಿ ಒಂದರ ಏರು ಇಟ್ಟು ಪೂರ್ತಿ ಲೆಕ್ಕ ಹಾಕೋಣ. ಸಮತಟ್ಟಿನಲ್ಲಿ ಮಾದರಿ ಎಂಜಿನ್ನಿನ 90 ಗ್ರಾಂ ಎಳೆತಕ್ಕೆ, ಬೋಗಿಯೊಂದಕ್ಕೆ 4 ಗ್ರಾಮಿನಂತೆ, 22 ಬೋಗಿ ದಕ್ಕುತ್ತವೆ. ಏರಿನಲ್ಲಿ ಎಂಜಿನ್ ತನ್ನನ್ನು ತಾನೇ ಎತ್ತಿಕೊಳ್ಳಲು 8 ಗ್ರಾಂ ಕಳೆದುಕೊಳ್ಳುತ್ತದೆ, ಬೋಗಿಯೊಂದಕ್ಕೆ ಏಳೂವರೆ ಗ್ರಾಂ ಬೇಕಾಗುತ್ತದೆ. ಉಳಿಯುವುದು 11 ಬೋಗಿ, ಸರಿಯಾಗಿ ಅರ್ಧ. ನಿಜದ ಡಬ್ಲ್ಯುಡಿಎಂ-2 ಹಿಡಿತದ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಮತಟ್ಟಿನಲ್ಲಿ ನೂರೆಂಬತ್ತಕ್ಕೂ ಹೆಚ್ಚು ಬೋಗಿಗಳನ್ನು ಕದಲಿಸಬಲ್ಲದು. ಐವತ್ತರಲ್ಲಿ ಒಂದರ ಏರಿನಲ್ಲಿ ಅದೇ ಎಂಜಿನ್ನಿಗೆ ದಕ್ಕುವುದು 22. ಚಿಕ್ಕದು ಅರ್ಧಕ್ಕೆ ಇಳಿದರೆ ದೊಡ್ಡದು ಎಂಟರಲ್ಲೊಂದು ಭಾಗಕ್ಕೆ ಇಳಿಯಿತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ನೂರೆಂಬತ್ತು ಬೋಗಿ ಎಳೆಯಬಲ್ಲ ಎಂಜಿನ್ ಬಯಲುಸೀಮೆಯಲ್ಲಿ ಹದಿನೆಂಟೋ ಇಪ್ಪತ್ತೋ ಬೋಗಿ ಮಾತ್ರ ಯಾಕೆ ಎಳೆಯುತ್ತಿತ್ತು? ಶಕ್ತಿ ಮುಖ್ಯವಲ್ಲ ಎಂದವರು ಇದಕ್ಕೆ ಏನು ಹೇಳುತ್ತಾರೆ? ಆಕ್ಷೇಪ ಸರಿಯಾದದ್ದೇ. ಶಕ್ತಿ ಒಬ್ಬ ಪಾಲುದಾರ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ಅದರ ಪಾಲು ವೇಗದಲ್ಲಿದೆ. ಕದಲಿಸುವುದು ಬೇರೆ, ಓಡಿಸುವುದು ಬೇರೆ. 2600 ಅಶ್ವಶಕ್ತಿಯಲ್ಲಿ ಗಾಲಿಗೆ ತಲುಪುವುದು ಹೆಚ್ಚುಕಡಿಮೆ 2300. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಷ್ಟು ಶಕ್ತಿಯಿಂದ ಸಿಗುವ ಎಳೆತ ಆರು ಟನ್ನಿಗಿಂತ ತುಸು ಹೆಚ್ಚು. ಆ ವೇಗದಲ್ಲಿ ಗಾಳಿಯ ತಡೆಯೂ ಸೇರಿ ಟನ್ನಿಗೆ ಆರು ಕಿಲೋ ಬೇಕು. ಭಾಗಿಸಿ, ಎಂಜಿನ್ನಿನ ತೂಕ ಕಳೆದರೆ, ಹದಿನೇಳು ಹದಿನೆಂಟು ಬೋಗಿ ಬರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸಂಖ್ಯೆ ಅರವತ್ತು ದಾಟುತ್ತದೆ. ಒಂದೇ ಎಂಜಿನ್ನಿಗೆ ಹೀಗೆ ಎರಡು ಬೇರೆ ಬೇರೆ ಮಿತಿಗಳು: ಬಯಲಿನಲ್ಲಿ ಓಡುವಾಗ ಶಕ್ತಿಯ ಮಿತಿ, ಹೊರಡುವಾಗ ಮತ್ತು ಘಾಟಿಯಲ್ಲಿ ಹಿಡಿತದ ಮಿತಿ. ಮಾದರಿ ರೈಲು ಮಾತ್ರ ಸಾಮಾನ್ಯವಾಗಿ ಶಕ್ತಿಯ ಮಿತಿಯ ಹತ್ತಿರ ಹೋಗುವುದಿಲ್ಲ, ಯಾಕೆಂದರೆ ಸೆಕೆಂಡಿಗೆ 32 ಸೆಂಟಿಮೀಟರ್ ಓಟಕ್ಕೆ ಗಾಳಿ ಅಡ್ಡ ಬರುವುದಿಲ್ಲ. ಹಾಗಾಗಿ ದೊಡ್ಡ ರೈಲಿನ ಘಾಟಿಯ ಪಾಠವನ್ನು ಮಾದರಿ ರೈಲು ಚೆನ್ನಾಗಿ ಕಲಿಸುತ್ತದೆ, ಬಯಲಿನ ಪಾಠವನ್ನು ಕಲಿಸಲಾರದು.

ಘಾಟಿಯ ಪಾಠಕ್ಕೆ ಕರ್ನಾಟಕದಲ್ಲಿ ಎರಡು ದೊಡ್ಡ ಉದಾಹರಣೆಗಳಿವೆ. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ದಾರಿಯಲ್ಲಿ ಏರು 37ರಲ್ಲಿ ಒಂದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಹೋಗುವ 55 ಕಿಲೋಮೀಟರಿನಲ್ಲಿ 57 ಸುರಂಗಗಳು, ಏರು 50ರಲ್ಲಿ ಒಂದು. ಎರಡೂ ಕಡೆ ಗಾಡಿಯ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳನ್ನು ಕಟ್ಟುತ್ತಾರೆ. ಹಿಡಿತದ ಲೆಕ್ಕದಲ್ಲಿ 37ರಲ್ಲಿ ಒಂದರ ಏರಿನಲ್ಲೂ ಒಣ ಹವೆಯಲ್ಲಿ ಡಬ್ಲ್ಯುಡಿಎಂ-2ರಂಥ ಎಂಜಿನ್ನಿಗೆ 16 ಬೋಗಿ ದಕ್ಕಬೇಕು, ಹಾಗಿದ್ದೂ ಸಹಾಯ ಯಾಕೆ? ಮುಂಗಾರಿನ ಮಳೆ ಹಳಿಯನ್ನು ನೆನೆಸಿದರೆ, ಉದುರಿದ ಎಲೆ ಗಾಲಿಗೆ ಸಿಕ್ಕಿ ಅರೆದುಹೋದರೆ, ಹಿಡಿತ ಕಾಲು ಭಾಗದಿಂದ ಏಳರಲ್ಲೊಂದು ಭಾಗದ ಹತ್ತಿರಕ್ಕೆ ಬೀಳಬಹುದು. ಆಗ 16 ಇದ್ದದ್ದು 8 ಆಗುತ್ತದೆ. ರೈಲ್ವೆಯವರು ಒಳ್ಳೆಯ ದಿನದ ಸಂಖ್ಯೆಯನ್ನು ನಂಬಿ ಗಾಡಿ ಬಿಡಲಾರರು, ಕೆಟ್ಟ ದಿನದ ಸಂಖ್ಯೆಯನ್ನೇ ಹಿಡಿಯಬೇಕು. ಜಾರುವ ಗಾಲಿಯ ಮುಂದೆ ಹಳಿಗೆ ಮರಳು ಉದುರಿಸುವ ಪೆಟ್ಟಿಗೆ ಎಂಜಿನ್ನಿನಲ್ಲೇ ಇರುವುದೂ ಇದಕ್ಕಾಗಿಯೇ. ಸಹಾಯದ ಎಂಜಿನ್ನನ್ನು ಹಿಂದೆ ಕಟ್ಟುವುದಕ್ಕೆ ಇನ್ನೊಂದು ಕಾರಣ ಕೊಂಡಿ. ಇಡೀ ಗಾಡಿಯ ಭಾರ ಮೊದಲ ಡಬ್ಬಿಯ ಕೊಂಡಿಯ ಮೇಲೆ ಬೀಳುತ್ತದೆ. ಮುಂದೆಯೇ ಎಂಜಿನ್ ಪೇರಿಸುತ್ತ ಹೋದರೆ ಎಲ್ಲಕ್ಕಿಂತ ಮೊದಲು ಅದು ಕಿತ್ತುಬರುತ್ತದೆ. ಮಾದರಿ ರೈಲಿನಲ್ಲಿ ಕೊಂಡಿ ಕೀಳುವುದು ಕಡಿಮೆ, ಆದರೆ ತಿರುವಿನಲ್ಲಿ ಬೇರೊಂದು ಅಪಾಯ ಉಂಟು: ಬಿಗಿಯಾಗಿ ಎಳೆದಾಗ ಗಾಡಿಯ ಸಾಲು ನೆಟ್ಟಗಾಗಲು ನೋಡುತ್ತದೆ, ನಡುವಿನ ಹಗುರ ಡಬ್ಬಿಗಳು ತಿರುವಿನ ಒಳಮಗ್ಗುಲಿಗೆ ಮಗುಚಿ ಬೀಳುತ್ತವೆ. ಡಬ್ಬಿಗೆ ಇಂತಿಷ್ಟು ತೂಕವಿರಲಿ ಎಂಬ ಶಿಫಾರಸಿನ ಹಿಂದೆ ಡಬ್ಬಿ ಹಳಿ ತಪ್ಪಬಾರದೆಂಬ ಈ ಕಾಳಜಿಯೂ ಇದೆ.

ತಿರುವಿನ ಮಾತು ಬಂದದ್ದರಿಂದ ಅದನ್ನೂ ಲೆಕ್ಕಕ್ಕೆ ತರಬೇಕು. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಒ ಅಳತೆಗೆ ಇಳಿಸಿದರೆ ಎರಡು ಮೀಟರ್. ಅಂಥ ಒಂದು ಸುತ್ತು ಹಾಕಲು ನಾಲ್ಕು ಮೀಟರ್ ಅಗಲದ ಕೋಣೆ ಬೇಕು. ಮನೆಯಲ್ಲಿ ಅಷ್ಟು ಜಾಗವಿಲ್ಲದೆ ಹವ್ಯಾಸಿಗಳು 18 ಇಂಚು ತ್ರಿಜ್ಯದ ಸುತ್ತು ಹಾಕುತ್ತಾರೆ. ಅದು ನಿಜದ ಲೋಕದಲ್ಲಿ 40 ಮೀಟರ್ ತಿರುವಿಗೆ ಸಮ. ಅಲ್ಲಿ ಬ್ರಾಡ್‌ಗೇಜ್ ಬೋಗಿ ತಿರುಗಲಾರದು. ಗಾಲಿಯ ಅಂಚು ಹಳಿಯ ಮಗ್ಗುಲಿಗೆ ಉಜ್ಜಿ ಉಜ್ಜಿ ಎಳೆತವನ್ನು ತಿನ್ನುತ್ತದೆ, ಸಮತಟ್ಟಿನ ಮೇಜಿನಲ್ಲೂ ಒಂದು ಅಗೋಚರ ಏರು ಹುಟ್ಟಿಕೊಳ್ಳುತ್ತದೆ. ಮಲೆನಾಡಿನ ಕಾಡಿನೊಳಗೆ ದಾರಿ ಮಾಡಬೇಕಾದಾಗ ಎರಡಡಿಯ ಹಳಿಯನ್ನು ಆರಿಸಿಕೊಳ್ಳುತ್ತಿದ್ದ ತರ್ಕವೂ ಇಲ್ಲಿದೆ: ಹಳಿಯ ಅಂತರ ಕಿರಿದಾದಷ್ಟೂ ಬಿಗಿ ತಿರುವು ಸಾಧ್ಯ, ಬೆಟ್ಟ ಕಡಿಯುವ ಖರ್ಚು ಕಡಿಮೆ. ಅದಕ್ಕೆ ತೆರುವ ಬೆಲೆ ಎಂದರೆ ಚಿಕ್ಕ ಎಂಜಿನ್, ಚಿಕ್ಕ ಡಬ್ಬಿ, ಕಡಿಮೆ ಡಬ್ಬಿ. ಕಟ್ಟುವಾಗ ಉಳಿಸಿದ ಹಣವನ್ನು ಪ್ರತಿ ಗಾಡಿಯೂ ಓಡುವಾಗ ಕಂತುಕಂತಾಗಿ ತೀರಿಸುತ್ತದೆ.

ಇನ್ನೂ ಮೂರು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹಿಡಿತಕ್ಕೆ ತೂಕವೇ ಕಾರಣವಾದರೆ ಎಂಜಿನ್ನಿಗೆ ಸೀಸ ತುಂಬಿದರೆ ಆಯಿತಲ್ಲ ಎಂಬುದು ಮೊದಲನೆಯದು. ಒಂದು ಹದದವರೆಗೆ ಅದು ನಿಜ, ಹವ್ಯಾಸಿಗಳು ಹಾಗೆ ಮಾಡುತ್ತಾರೆ ಕೂಡ. ಆದರೆ ಹದ ಮೀರಿದರೆ ಗಾಲಿ ಜಾರುವ ಮೊದಲೇ ಮೋಟಾರು ಸೋಲುತ್ತದೆ, ಆಗಲೇ ಹೇಳಿದ ಕಾವಲು ತಪ್ಪಿಹೋಗುತ್ತದೆ. ದೊಡ್ಡ ರೈಲಿಗೂ ಇಂಥದೇ ಕಡಿವಾಣ ಉಂಟು: ಒಂದೊಂದು ಅಚ್ಚು ಇಷ್ಟೇ ಭಾರ ಹೊರಬೇಕೆಂದು ಹಳಿ ಮತ್ತು ಸೇತುವೆಗಳು ನಿರ್ಧರಿಸುತ್ತವೆ. ಮೀಟರ್‌ಗೇಜಿನ ವೈಡಿಎಂ-4 ಡೀಸೆಲ್ ಎಂಜಿನ್ 72 ಟನ್, ಆರು ಅಚ್ಚು, ಅಚ್ಚಿಗೆ 12 ಟನ್. ಡಬ್ಲ್ಯುಡಿಎಂ-2ರಲ್ಲಿ ಅಚ್ಚಿಗೆ ಸುಮಾರು 19 ಟನ್. ಬ್ರಾಡ್‌ಗೇಜಿಗೆ ಬದಲಾದಾಗ ನಮ್ಮ ಊರುಗಳ ಗಾಡಿಗಳು ಉದ್ದವಾದದ್ದಕ್ಕೆ ಗಟ್ಟಿ ಹಳಿ ಒಂದು ಮುಖ್ಯ ಕಾರಣ. ಎರಡನೆಯ ಆಕ್ಷೇಪ: ಗಾಲಿಗೆ ರಬ್ಬರು ಸುತ್ತಿದರೆ? ಅನೇಕ ಆಟಿಕೆ ಎಂಜಿನ್ನುಗಳಲ್ಲಿ ಒಂದೆರಡು ಗಾಲಿಗೆ ರಬ್ಬರು ಉಂಗುರ ಇರುತ್ತದೆ, ಎಳೆತ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಆದರೆ ಅದೇ ಗಾಲಿಗಳು ಹಳಿಯಿಂದ ಕರೆಂಟನ್ನೂ ತೆಗೆದುಕೊಳ್ಳಬೇಕು. ರಬ್ಬರು ಹಾಕಿದ ಗಾಲಿ ಆ ಕೆಲಸ ಬಿಡುತ್ತದೆ, ಕೊಳೆ ಹಿಡಿದ ಹಳಿಯ ಮೇಲೆ ಎಂಜಿನ್ ತಡವರಿಸುತ್ತದೆ. ದೊಡ್ಡ ರೈಲಿನವರು ರಬ್ಬರಿನ ಬದಲು ಬೇರೆ ಉಪಾಯ ಕಂಡುಕೊಂಡರು. ಇಂದಿನ ಡಬ್ಲ್ಯುಡಿಜಿ-4 ಎಂಜಿನ್ 126 ಟನ್ ತೂಗುತ್ತದೆ. ಪ್ರತಿ ಗಾಲಿ ಎಷ್ಟು ಜಾರುತ್ತಿದೆ ಎಂದು ಅದರ ಕಂಪ್ಯೂಟರು ಕ್ಷಣಕ್ಷಣಕ್ಕೂ ಅಳೆದು ಬಲ ಹೊಂದಿಸುವುದರಿಂದ ಹೊರಡುವಾಗಿನ ಎಳೆತ 50 ಟನ್ ದಾಟುತ್ತದೆ. ತೂಕ ಹೆಚ್ಚಿದ್ದು ಎಂಟರಲ್ಲೊಂದು ಭಾಗಕ್ಕಿಂತ ಕಡಿಮೆ, ಎಳೆತ ಹೆಚ್ಚಿದ್ದು ಅರ್ಧಕ್ಕೂ ಮೀರಿ. ಅಲ್ಲೂ ಗೆದ್ದದ್ದು ಹಿಡಿತದ ಜಾಣ್ಮೆ.

ಮೂರನೆಯ ಆಕ್ಷೇಪ ದಾಖಲೆಗಳನ್ನು ತೋರಿಸುವವರದು. 2022ರ ಆಗಸ್ಟ್ 15ರಂದು ಛತ್ತೀಸಗಢದ ಕೋರ್ಬಾದಿಂದ ಹೊರಟ ಸೂಪರ್ ವಾಸುಕಿ ಎಂಬ ಕಲ್ಲಿದ್ದಲ ಗಾಡಿಗೆ 295 ವ್ಯಾಗನ್ನುಗಳಿದ್ದವು, ಉದ್ದ ಮೂರೂವರೆ ಕಿಲೋಮೀಟರ್. 2001ರ ಜೂನ್ 21ರಂದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದಿರು ಹೊತ್ತ 682 ವ್ಯಾಗನ್ನುಗಳ ಗಾಡಿ ಓಡಿತು, ಒಟ್ಟು ತೂಕ ಲಕ್ಷ ಟನ್ನಿಗೆ ಸ್ವಲ್ಪವೇ ಕಡಿಮೆ. ಇವುಗಳ ಮುಂದೆ 8, 16, 22 ಎಂಬ ಲೆಕ್ಕ ಯಾವ ಮೂಲೆಗೆ? ಆದರೆ ವಾಸುಕಿಗೆ 6 ಎಂಜಿನ್ನುಗಳಿದ್ದವು, ಆಸ್ಟ್ರೇಲಿಯಾದ ಗಾಡಿಗೆ 8; ಅವನ್ನು ಗಾಡಿಯ ಉದ್ದಕ್ಕೂ ನಡುನಡುವೆ ಹಂಚಿದ್ದರು. ಕೊಂಡಿಯ ಮಿತಿಯನ್ನೂ ಹಿಡಿತದ ಮಿತಿಯನ್ನೂ ಮೀರಿದ್ದಲ್ಲ, ಹಂಚಿಕೊಂಡದ್ದು. ಅಮೃತಮಹಲ್ ತಳಿಯ ಎತ್ತುಗಳು ಹೈದರ್, ಟಿಪ್ಪುವಿನ ಫಿರಂಗಿಗಳನ್ನು ಎಳೆದಾಗಲೂ ಭಾರ ಹೆಚ್ಚಿದಲ್ಲಿ ಜೋಡಿಯ ಮುಂದೆ ಜೋಡಿ ಕಟ್ಟುವುದೇ ದಾರಿಯಾಗಿತ್ತು. ಹಂಚಿಕೊಂಡು ಎಳೆಯಲು ಒಂದು ಷರತ್ತಿದೆ: ಎಲ್ಲರೂ ಒಂದೇ ಹೆಜ್ಜೆಯಲ್ಲಿ ಎಳೆಯಬೇಕು. ಒಂದೇ ಕರೆಂಟಿನಲ್ಲಿ ಒಂದು ಬೇಗ, ಇನ್ನೊಂದು ನಿಧಾನ ಓಡುವ ಎರಡು ಆಟಿಕೆ ಎಂಜಿನ್ನುಗಳನ್ನು ಕೂಡಿಸಿದರೆ ಬೇಗದ್ದು ನಿಧಾನದ್ದನ್ನೂ ಒಂದು ಡಬ್ಬಿಯಂತೆ ಎಳೆಯುತ್ತದೆ; ಎರಡು ಎಂಜಿನ್ ಸೇರಿ ಒಂದಕ್ಕಿಂತ ಕಡಿಮೆ ಕೆಲಸ ಮಾಡುವುದೂ ಉಂಟು.

ಇದರಿಂದ ಹವ್ಯಾಸಿಗೆ ಸಿಗುವ ಸಲಹೆ ಸರಳ. ಡಬ್ಬಿ ಹೆಚ್ಚಿಸಬೇಕೆನಿಸಿದಾಗ ಹೊಸ ಎಂಜಿನ್ನಿಗೆ ದುಡ್ಡು ಕೊಡುವುದು ಕಡೆಯ ಮಾತಾಗಲಿ. ಮೊದಲು ಡಬ್ಬಿಗಳನ್ನು ಒಂದೊಂದಾಗಿ ಇಳಿಜಾರು ಹಲಗೆಯ ಮೇಲೆ ಉರುಳಬಿಟ್ಟು, ಸಲೀಸಾಗಿ ಉರುಳದವುಗಳ ಗಾಲಿ ಬದಲಿಸಲಿ: ಮೊನಚು ತುದಿಯ ಲೋಹದ ಅಚ್ಚು ಹಾಕಿ ಉಜ್ಜಾಟವನ್ನು ಅರ್ಧಕ್ಕೆ ಇಳಿಸಿದರೆ ಸಮತಟ್ಟಿನಲ್ಲಿ ಅದೇ ಎಂಜಿನ್ ಇಮ್ಮಡಿ ಡಬ್ಬಿ ಎಳೆಯುತ್ತದೆ. ಆಮೇಲೆ ಹಳಿ ಒರೆಸಿ, ಏರನ್ನು ಉದ್ದಕ್ಕೆ ಹರಡಿ, ತಿರುವನ್ನು ಸಡಿಲಿಸಲಿ. ಊರಿನ ಜನರಿಗೂ ಇದರಲ್ಲಿ ಪಾಠವಿದೆ. ಬೆಂಗಳೂರು–ಹರಿಹರ ದಾರಿ ತೆರೆದದ್ದು 1889ರಲ್ಲಿ, ಬೀರೂರು–ಶಿವಮೊಗ್ಗ 1899ರಲ್ಲಿ, ಕಡೂರು–ಚಿಕ್ಕಮಗಳೂರು 2013ರಲ್ಲಿ. ಈ ನಡುವೆ ಉಗಿ ಹೋಗಿ ಡೀಸೆಲ್ ಬಂತು, ಡೀಸೆಲ್ಲಿನ ಜಾಗಕ್ಕೆ ವಿದ್ಯುತ್ ಬರುತ್ತಿದೆ. ಎಂಜಿನ್ನನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ದಾರಿಯ ಏರು ಹಾಕಿದವರ ಕಾಲ ಮುಗಿದ ಮೇಲೂ ಉಳಿಯುತ್ತದೆ, ಪ್ರತಿ ಗಾಡಿಯ ಉದ್ದವನ್ನೂ ಅದೇ ಅಳೆದು ಕೊಡುತ್ತದೆ. ಹೊಸ ರೈಲು ದಾರಿಯ ಮಾತು ಬಂದಾಗ ನಾವು ಕೇಳುವುದು ಎಷ್ಟು ಗಾಡಿ, ಎಲ್ಲೆಲ್ಲಿ ನಿಲುಗಡೆ ಎಂದು. ಎಷ್ಟರಲ್ಲಿ ಒಂದರ ಏರು ಎಂಬ ಪ್ರಶ್ನೆಯನ್ನೂ ಅದರ ಜೊತೆ ಕೇಳುವುದು ಒಳ್ಳೆಯದು. ಉಳಿದೆರಡಕ್ಕೆ ಸಿಕ್ಕ ಉತ್ತರ ವೇಳಾಪಟ್ಟಿಯೊಡನೆ ಬದಲಾಗುತ್ತದೆ, ಇದಕ್ಕೆ ಸಿಕ್ಕ ಉತ್ತರ ನೂರು ವರ್ಷ ಬಾಳುತ್ತದೆ.